ಒಂದು ಕ್ಯಾನುಲಾ, ಎಂಟು ದಾರಿ: ನರ್ಸಿಂಗ್ ಕಾಲೇಜಿನ ಅಧ್ಯಾಪಕರು ಯಾವ ಬಗೆಯ ಸಂಶೋಧನೆ ಆರಿಸಬೇಕು?

ನರ್ಸಿಂಗ್ ಕಾಲೇಜಿನಲ್ಲಿ ಸಂಶೋಧನೆಯ ಮಾತು ಬಂದರೆ ಮೊದಲು ನೆನಪಾಗುವ ಶೀರ್ಷಿಕೆ ಬಹುತೇಕ ಒಂದೇ: ‘ಇಂಥ ಆಸ್ಪತ್ರೆಯ ಸ್ಟಾಫ್ ನರ್ಸ್‌ಗಳ ಜ್ಞಾನದ ಮೇಲೆ ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂನ ಪರಿಣಾಮ’. ಆಸ್ಪತ್ರೆ ಬೇರೆಯಾಗುತ್ತದೆ, ವಿಷಯ ಬೇರೆಯಾಗುತ್ತದೆ, ಫಲಿತಾಂಶ ಮಾತ್ರ ಅದೇ: ಪಾಠ ಆದ ಮೇಲೆ ಅಂಕ ಏರಿತು. ಇದೊಂದೇ ದಾರಿ ಅಲ್ಲ. ಉಳಿದ ದಾರಿಗಳಲ್ಲಿ ಯಾವುದು ಯಾರ ಕೈಗೆಟಕುತ್ತದೆ ಎಂದು ತೂಗಿ ನೋಡಲು ಒಂದೇ ಸಮಸ್ಯೆಯನ್ನು ಎಲ್ಲ ದಾರಿಗಳಲ್ಲೂ ನಡೆಸಿ ನೋಡುವುದು ಸುಲಭ. ಪ್ರತಿ ವಾರ್ಡಿನಲ್ಲೂ ಕಣ್ಣಿಗೆ ಬೀಳುವ ಸಮಸ್ಯೆಯನ್ನೇ ತೆಗೆದುಕೊಳ್ಳೋಣ: ಕೈಗೆ ಹಾಕಿದ ಐವಿ ಕ್ಯಾನುಲಾ ಜಾಗ ಕೆಂಪಾಗಿ, ಊದಿ, ನೋಯುವ ಫ್ಲೆಬೈಟಿಸ್.

ಮೊದಲು ಒಂದು ವಾರ ಎಣಿಸಿ

ಸಂಶೋಧನೆಯ ದಾರಿ ಆರಿಸುವ ಮುಂಚೆ ವಾರ್ಡಿನಲ್ಲಿ ಏಳು ದಿನ ಎಣಿಕೆ ಮಾಡಿ. ಒಂದು ಹಾಳೆಯಲ್ಲಿ ಬೆಡ್ ನಂಬರ್, ಕ್ಯಾನುಲಾ ಹಾಕಿದ ದಿನ ಮತ್ತು ಗಂಟೆ, ಗೇಜ್ ಎಂಬ ದಪ್ಪದ ಅಳತೆ (22 ನೀಲಿ, 20 ಗುಲಾಬಿ, 18 ಹಸಿರು), ಹಾಕಿದ ಜಾಗ, ತೆಗೆದ ದಿನ ಮತ್ತು ಗಂಟೆ, ತೆಗೆದ ಕಾರಣ, ಸ್ಕೋರ್ ಎಂದು ಕಾಲಂ ಗೀಚಿದರೆ ಸಾಕು. ಕಾರಣದ ಕಾಲಂನಲ್ಲಿ ಡಿಸ್ಚಾರ್ಜ್, ಬ್ಲಾಕ್, ಊತ, ಫ್ಲೆಬೈಟಿಸ್, ರೋಗಿಯೇ ಕಿತ್ತುಕೊಂಡದ್ದು ಇವನ್ನು ಬೇರೆಬೇರೆಯಾಗಿ ಬರೆಯಿರಿ. ದ್ರವ ನಾಳದ ಹೊರಗೆ ಇಳಿದು ಬಂದ ಊತವನ್ನು ಫ್ಲೆಬೈಟಿಸ್ ಲೆಕ್ಕಕ್ಕೆ ಸೇರಿಸುವುದು ಇಲ್ಲಿನ ಅತಿ ಸಾಮಾನ್ಯ ತಪ್ಪು.

ಸ್ಕೋರಿಗೆ ವಿಐಪಿ (ವಿಷುಯಲ್ ಇನ್ಫ್ಯೂಷನ್ ಫ್ಲೆಬೈಟಿಸ್) ಮಾಪಕ ಬಳಸಿ. ಹೆಸರು ವಿಐಪಿ ಆದರೂ ಜನರಲ್ ವಾರ್ಡಿಗೂ ಅದೇ. ಸೊನ್ನೆ ಎಂದರೆ ಜಾಗ ಚೆನ್ನಾಗಿದೆ. ಸ್ವಲ್ಪ ನೋವು ಅಥವಾ ಸ್ವಲ್ಪ ಕೆಂಪು, ಎರಡರಲ್ಲಿ ಒಂದಿದ್ದರೆ 1. ನೋವು, ಕೆಂಪು, ಊತ ಮೂರರಲ್ಲಿ ಎರಡಿದ್ದರೆ 2. ಕ್ಯಾನುಲಾ ಬದಲಿಸುವ ಹಂತ ಇದು. ನಾಳದುದ್ದಕ್ಕೂ ನೋವು, ಕೆಂಪು, ಗಟ್ಟಿತನ ಮೂರೂ ಇದ್ದರೆ 3. ನಾಳ ಹುರಿಯಂತೆ ಕೈಗೆ ಸಿಕ್ಕಿದರೆ 4, ಅದರ ಜೊತೆ ಜ್ವರವೂ ಬಂದರೆ 5. ಕಪ್ಪು ಚರ್ಮದ ಮೇಲೆ ಕೆಂಪು ಸುಲಭವಾಗಿ ಕಾಣುವುದಿಲ್ಲ, ಸ್ಕೋರ್ ಕಡಿಮೆ ಬೀಳುತ್ತದೆ. ಆದ್ದರಿಂದ ಇನ್ನೊಂದು ಕೈಯ ಅದೇ ಜಾಗ ಮುಟ್ಟಿ ಬಿಸಿ, ಬಿಗುವು ಹೋಲಿಸುವುದನ್ನು ಟೂಲ್‌ನ ಸೂಚನೆಯಲ್ಲೇ ಬರೆದಿಡಿ. ಇಬ್ಬರು ಒಬ್ಬರ ಸ್ಕೋರ್ ಒಬ್ಬರು ನೋಡದೆ 20–30 ಕ್ಯಾನುಲಾ ನೋಡಿ ಕಪ್ಪಾ (ಇಬ್ಬರ ಸ್ಕೋರ್ ಎಷ್ಟು ಹೊಂದುತ್ತದೆ ಎಂಬ ಅಳತೆ) ಲೆಕ್ಕ ಹಾಕಿದರೆ, ಮುಂದೆ ಯಾವ ದಾರಿ ಹಿಡಿದರೂ ಅದು ಕೆಲಸಕ್ಕೆ ಬರುತ್ತದೆ.

ಉದಾಹರಣೆಗೆ ಆ ವಾರ 56 ಕ್ಯಾನುಲಾ, ಅದರಲ್ಲಿ 17ಕ್ಕೆ ಸ್ಕೋರ್ 2 ಅಥವಾ ಹೆಚ್ಚು ಎಂದಿಟ್ಟುಕೊಳ್ಳಿ. ಅಂದರೆ ದಿನಕ್ಕೆ 8 ಕ್ಯಾನುಲಾ, ಸುಮಾರು 30% ಫ್ಲೆಬೈಟಿಸ್. ಮುಂದಿನ ಲೆಕ್ಕವೆಲ್ಲ ಈ ಎರಡು ಅಂಕಿಗಳ ಮೇಲೆ ನಿಂತಿದೆ. ನಿಮ್ಮ ವಾರ್ಡಿನ ಅಂಕಿ ಬೇರೆಯಾದರೆ ಉತ್ತರವೂ ಬೇರೆಯಾಗುತ್ತದೆ.

ಪ್ರಶ್ನೆಗೆ ಆಗಲೇ ಉತ್ತರ ಇದೆಯೇ?

‘ಮೂರನೇ ದಿನ ಕ್ಯಾನುಲಾ ಬದಲಿಸಬೇಕೇ, ತೊಂದರೆ ಕಂಡಾಗ ಬದಲಿಸಿದರೆ ಸಾಕೇ’ ಎಂಬ ಪ್ರಶ್ನೆಗೆ ಹೊಸದಾಗಿ ಪ್ರಯೋಗ ಹೂಡಬೇಡಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ನರ್ಸಿಂಗ್ ಪ್ರಾಧ್ಯಾಪಕಿ ಕ್ಲೇರ್ ರಿಕಾರ್ಡ್ ಅವರ ತಂಡ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಇದನ್ನೇ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿತು. ಎರಡೂ ಗುಂಪಿನಲ್ಲಿ ಫ್ಲೆಬೈಟಿಸ್ 7%, ಅಂದರೆ ತೊಂದರೆ ಕಂಡಾಗ ಬದಲಿಸಿದರೆ ಸಾಕು. ಅದೇ ಪ್ರಶ್ನೆಯನ್ನು 60 ಜನರ ಮೇಲೆ ಮತ್ತೆ ಕೇಳಿದರೆ ಬರುವುದು ಗದ್ದಲ, ಉತ್ತರವಲ್ಲ. ‘ಗೊತ್ತಿದ್ದೂ ನಮ್ಮ ವಾರ್ಡ್ ಯಾಕೆ ಪಾಲಿಸುತ್ತಿಲ್ಲ’ ಎನ್ನುವುದು ಇನ್ನೂ ಕೇಳದ ಪ್ರಶ್ನೆ. ಅದಕ್ಕೆ ಬೇರೆ ದಾರಿ ಬೇಕು.

ಆದ್ದರಿಂದಲೇ ಆಗಲೇ ಪ್ರಕಟವಾದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡುವ ರಿವ್ಯೂ ಕೂಡ ಒಂದು ಆಯ್ಕೆ. ವಾರ್ಡ್ ಬೇಡ, ರೋಗಿ ಬೇಡ, ಆದರೆ ಒಬ್ಬರಿಂದ ಆಗುವ ಕೆಲಸವಲ್ಲ. ಲೇಖನ ಆರಿಸಲು ಇಬ್ಬರು, ಭಿನ್ನಾಭಿಪ್ರಾಯ ಬಂದರೆ ಬಗೆಹರಿಸಲು ಮೂರನೆಯವರು ಬೇಕು. ಸಿಸ್ಟಮ್ಯಾಟಿಕ್ ರಿವ್ಯೂ ಆದರೆ ದತ್ತಾಂಶ ತೆಗೆಯುವ ಮುಂಚೆಯೇ ಪ್ರಾಸ್ಪೆರೊ ಎಂಬ ಆನ್‌ಲೈನ್ ನೋಂದಣಿ ತಾಣದಲ್ಲಿ ನೋಂದಾಯಿಸಿ. ಒಂದು ವಿಷಯದಲ್ಲಿ ಏನೇನು ಕೆಲಸ ಆಗಿದೆ ಎಂದು ಮಾತ್ರ ನೋಡುವ ಸ್ಕೋಪಿಂಗ್ ರಿವ್ಯೂವನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ. ಹಲವರು ಮುಗ್ಗರಿಸುವುದು ಹುಡುಕಾಟದ ಹಂತದಲ್ಲಿ: ಪಬ್‌ಮೆಡ್‌ನಲ್ಲಿ ಎರಡು ಪದ ಒತ್ತಿ, ಸಿಕ್ಕ 40 ಲೇಖನ ಓದಿ, ಅದಕ್ಕೆ ಸಿಸ್ಟಮ್ಯಾಟಿಕ್ ಎಂದು ಹೆಸರಿಡುತ್ತಾರೆ. ರಿವ್ಯೂ ವರದಿಯಲ್ಲಿ ಏನೇನು ಇರಬೇಕೆಂದು ಹೇಳುವ 2020ರ ಪ್ರಿಸ್ಮಾ ಪಟ್ಟಿಯ 27 ಅಂಶಗಳನ್ನು ಕೊನೆಯಲ್ಲಿ ತುಂಬಲು ಹೋದಾಗ ಅರ್ಧಕ್ಕೆ ಉತ್ತರವೇ ಇರುವುದಿಲ್ಲ. ಆ ಪಟ್ಟಿಯನ್ನು ಮೊದಲ ದಿನವೇ ಮುಂದಿಟ್ಟುಕೊಳ್ಳಬೇಕು.

ಜ್ಞಾನ ಅಳೆಯುವ ಅಧ್ಯಯನ: ಸುಲಭ, ಆದರೆ ಏನು ಸಿಗುತ್ತದೆ?

60 ಸ್ಟಾಫ್ ನರ್ಸ್, 30 ಪ್ರಶ್ನೆ, 40 ನಿಮಿಷದ ಪಾಠ, ಏಳನೇ ದಿನ ಅದೇ 30 ಪ್ರಶ್ನೆ. ಮುಂಚಿನ ಮತ್ತು ನಂತರದ ಅಂಕ ಹೋಲಿಸುವ ಪೇರ್ಡ್ ಟಿ ಟೆಸ್ಟ್ ಹಾಕಿದರೆ ಪಿ ವ್ಯಾಲ್ಯೂ 0.001ಕ್ಕಿಂತ ಕಡಿಮೆ ಬರುವುದು ಖಚಿತ ಎನ್ನಬಹುದು. ಒಮ್ಮೆ ಕಂಡ ಪ್ರಶ್ನೆಯನ್ನೇ ಎರಡನೇ ಸಲ ಕೇಳಿದರೆ ಪಾಠ ಇಲ್ಲದಿದ್ದರೂ ಅಂಕ ಏರುತ್ತದೆ. ನಡುವೆ ಡ್ಯೂಟಿ ರೂಮಿನಲ್ಲಿ ಉತ್ತರಗಳ ಚರ್ಚೆಯೂ ಆಗಿರುತ್ತದೆ. ಪಾಠ ಕೇಳದ ಹೋಲಿಕೆಯ ಗುಂಪು (ಕಂಟ್ರೋಲ್) ಇಲ್ಲದೆ ಯಾವುದು ಪಾಠದ ಫಲ, ಯಾವುದು ಮರುಪರೀಕ್ಷೆಯ ಫಲ ಎಂದು ಬೇರ್ಪಡಿಸಲು ಆಗದು. 50%ಕ್ಕಿಂತ ಕಡಿಮೆ ಅಸಮರ್ಪಕ, 75% ಮೇಲೆ ಸಮರ್ಪಕ ಎಂಬ ಗೆರೆಗಳಿಗೂ ಬುಡವಿಲ್ಲ. ಹಿಂದಿನ ಡಿಸರ್ಟೇಶನ್‌ನಿಂದ ಹೊಸದಕ್ಕೆ ನಕಲಾಗುತ್ತಾ ಬಂದ ಗೆರೆಗಳು ಅವು.

ಎಂಎಸ್ಸಿ ವಿದ್ಯಾರ್ಥಿಗೆ ಡೇಟಾ ಸಂಗ್ರಹಕ್ಕೆ ಸಾಮಾನ್ಯವಾಗಿ ಸಿಗುವುದು ನಾಲ್ಕರಿಂದ ಆರು ವಾರ. ಈ ದಾರಿ ಬಿಡಲಾಗದಿದ್ದರೆ ಒಂದೇ ಒಂದು ಬದಲಾವಣೆ ಮಾಡಿ: ಕಾಗದದ ಅಂಕದ ಬದಲು ಕೈಯ ಕೆಲಸ ಅಳೆಯಿರಿ. ಕ್ಯಾನುಲಾ ಹಾಕುವ ಹತ್ತು ಹಂತಗಳ ಚೆಕ್‌ಲಿಸ್ಟ್ ಹಿಡಿದು ಪಾಠಕ್ಕೆ ಮುಂಚೆ 100, ನಂತರ 100 ಸಲ ನೋಡಿ. ನೋಡುವವರಿದ್ದಾರೆ ಎಂದು ಗೊತ್ತಾದೊಡನೆ ಎಲ್ಲರೂ ಹ್ಯಾಂಡ್ ರಬ್ ಬಾಟಲಿಗೆ ಕೈಹಾಕುತ್ತಾರೆ. ಮೊದಲ ಎರಡು ದಿನದ ದಾಖಲೆ ಲೆಕ್ಕಕ್ಕೆ ಹಿಡಿಯಬೇಡಿ, ನೈಟ್ ಶಿಫ್ಟನ್ನೂ ಬಿಡಬೇಡಿ. ಹ್ಯಾಂಡ್ ರಬ್‌ಗೆ 20–30 ಸೆಕೆಂಡ್, ಸೋಪು ನೀರಿಗೆ 40–60 ಸೆಕೆಂಡ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ‘ಕೈ ತೊಳೆದರು’ ಎಂದು ಟಿಕ್ ಹಾಕುವ ಬದಲು ಸೆಕೆಂಡ್ ಬರೆಯಿರಿ.

ವಾರ್ಡ್ ನೋಡಿ ಎಣಿಸುವ ಅಧ್ಯಯನ

ನಮ್ಮ ಅಭಿಪ್ರಾಯದಲ್ಲಿ ಮೊದಲ ಸಲ ಸಂಶೋಧನೆಗೆ ಇಳಿಯುವ ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಯಾರಿಗೂ ಏನೂ ಕೊಡುವುದಿಲ್ಲ, ಏನೂ ತಪ್ಪಿಸುವುದಿಲ್ಲ. ಕ್ಯಾನುಲಾ ಹಾಕಿದ ಗಳಿಗೆಯಿಂದ ತೆಗೆಯುವವರೆಗೆ ಶಿಫ್ಟಿಗೊಮ್ಮೆ ನೋಡುವುದಷ್ಟೇ.

30% ನಿರೀಕ್ಷೆಗೆ, ಶೇಕಡಾ 6 ಅಂಶ ಅತ್ತಿತ್ತ ಇರಬಹುದು ಎಂದರೆ ಬೇಕಾದದ್ದು 225 ಕ್ಯಾನುಲಾ. ದಿನಕ್ಕೆ 8ರಂತೆ ನಾಲ್ಕೇ ವಾರ ಎಂದು ತೋರುತ್ತದೆ, ಹಾಗಾಗುವುದಿಲ್ಲ. ಒಬ್ಬ ರೋಗಿಗೆ ಎರಡು ಮೂರು ಸಲ ಕ್ಯಾನುಲಾ ಹಾಕಿರುತ್ತಾರೆ. ಆ ಮೂರೂ ಒಂದೇ ಕೈಯ, ಒಂದೇ ಔಷಧಿಯ ಕಥೆ. ಮೂರು ಬೇರೆ ರೋಗಿಗಳಂತೆ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಪ್ರತಿ ರೋಗಿಯ ಮೊದಲ ಕ್ಯಾನುಲಾ ಮಾತ್ರ ಎಂದು ಗೆರೆ ಹಾಕಿಕೊಂಡರೆ ಎರಡು ತಿಂಗಳು ಇಟ್ಟುಕೊಳ್ಳಿ. ಕ್ಯಾನುಲಾ ತೆಗೆದ ಮೇಲೂ 48 ಗಂಟೆಯೊಳಗೆ ಫ್ಲೆಬೈಟಿಸ್ ಕಾಣಿಸಿಕೊಳ್ಳಬಹುದು, ಹಾಗಾಗಿ ಡಿಸ್ಚಾರ್ಜ್ ಆದವರಿಗೆ ಫೋನ್ ಮಾಡುವ ಅನುಮತಿಯನ್ನು ಕನ್ಸೆಂಟ್‌ನಲ್ಲೇ ಪಡೆಯಿರಿ.

ಫೋನಿನಲ್ಲಿ ಕೇಳುವ ಮಾತೂ ಟೂಲ್‌ನ ಭಾಗವೇ. ಇಂಗ್ಲಿಷ್ ಮಾಪಕದ ಮೂರು ಮೆಟ್ಟಿಲನ್ನು ‘ಸ್ವಲ್ಪ, ಸಾಧಾರಣ, ತೀವ್ರ’ ಎಂದು ಕನ್ನಡಕ್ಕೆ ತಂದಿರುವುದನ್ನು ಎಷ್ಟೋ ಕಡೆ ನೋಡಬಹುದು. ‘ನೋವು ಹೇಗಿದೆ?’ ಎಂದರೆ ‘ಸಾಧಾರಣ ಐತ್ರಿ’ ಎನ್ನುವ ರೋಗಿಯ ಅರ್ಥ ‘ಪರವಾಗಿಲ್ಲ’ ಎಂದು. ಸಂಶೋಧಕರು ಅದನ್ನು ನಡುವಿನ ಮೆಟ್ಟಿಲಿಗೆ ಹಾಕಿಕೊಳ್ಳುತ್ತಾರೆ. ‘ಸ್ವಲ್ಪ, ಜಾಸ್ತಿ, ತಡೆಯೋಕಾಗಲ್ಲ’ ಎಂದರೆ ಈ ಗೊಂದಲ ಇಲ್ಲ. ಇಂಗ್ಲಿಷ್‌ನಿಂದ ಕನ್ನಡಕ್ಕೆ ಒಬ್ಬರು, ಮೂಲ ನೋಡದ ಇನ್ನೊಬ್ಬರು ಕನ್ನಡದಿಂದ ಮತ್ತೆ ಇಂಗ್ಲಿಷ್‌ಗೆ ತಂದರೂ ಈ ತಪ್ಪು ಸಿಕ್ಕಿಬೀಳುವುದಿಲ್ಲ, ಏಕೆಂದರೆ ಇಬ್ಬರೂ ಓದಿದವರು. ಹತ್ತು ರೋಗಿಗಳ ಮುಂದೆ ಪ್ರಶ್ನೆ ಓದಿ ‘ನಿಮಗೆ ಏನು ಅರ್ಥವಾಯಿತು, ಹೇಳಿ’ ಎಂದು ಕೇಳಿದರೆ ಮಾತ್ರ ಹೊರಬೀಳುತ್ತದೆ. ಪ್ರಶ್ನೆಗಳು ವಿಷಯಕ್ಕೆ ತಕ್ಕವೇ ಎಂದು ತಜ್ಞರಿಂದ ವ್ಯಾಲಿಡಿಟಿ ಮಾಡಿಸುವಾಗ ಆರರಿಂದ ಹತ್ತು ಮಂದಿ ಇದ್ದರೆ ಪ್ರತಿ ಪ್ರಶ್ನೆಗೂ 0.78 ಒಪ್ಪಿಗೆಯ ಸೂಚ್ಯಂಕ ಬೇಕು. ಐದೇ ಮಂದಿ ಇದ್ದರೆ ಐವರೂ ಒಪ್ಪಬೇಕು.

ಹಳೆಯ ಫೈಲುಗಳು

ಇರುವ ದಾಖಲೆಯಿಂದಲೂ ದೊಡ್ಡ ಕೆಲಸ ಆಗುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆಯ ಲಿಂಡಾ ಐಕನ್ ಮತ್ತು ಸಂಗಡಿಗರು 168 ಆಸ್ಪತ್ರೆಗಳ ಡಿಸ್ಚಾರ್ಜ್ ದಾಖಲೆ ಮತ್ತು ನರ್ಸ್‌ಗಳ ಸಮೀಕ್ಷೆಯನ್ನು ಜೋಡಿಸಿ, ಒಬ್ಬ ನರ್ಸ್ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಂಭವ 7% ಏರುತ್ತದೆ ಎಂದು 2002ರಲ್ಲಿ ತೋರಿಸಿದರು. ಅಷ್ಟು ಅಚ್ಚುಕಟ್ಟಾದ ದಾಖಲೆ ನಿಮ್ಮ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ (ಎಂಆರ್‌ಡಿ) ಇದೆಯೇ? ಕಣ್ಣುಮುಚ್ಚಿ 20 ಫೈಲ್ ತೆಗೆದು ನೋಡಿ. ಕ್ಯಾನುಲಾ ಹಾಕಿದ ದಿನ ಮತ್ತು ಗಂಟೆ ನಾಲ್ಕಕ್ಕಿಂತ ಹೆಚ್ಚು ಫೈಲುಗಳಲ್ಲಿ ಇಲ್ಲದಿದ್ದರೆ ಈ ದಾರಿ ಅಲ್ಲಿಗೇ ಬಿಡಿ. ಬರೆಯದೆ ಬಿಟ್ಟ ರೋಗಿಗಳೇ ಹೆಚ್ಚು ತೊಂದರೆಯವರೂ ಆಗಿರಬಹುದು. ಹೆಸರು ತೆಗೆದ ಫೈಲುಗಳಿಗೆ ಕನ್ಸೆಂಟ್ ವಿನಾಯಿತಿ ಸಿಗಬಹುದು, ಆದರೆ ಅದನ್ನು ಕೊಡುವವರು ಎಥಿಕ್ಸ್ ಕಮಿಟಿಯವರು, ನಿಮ್ಮ ಪ್ರಿನ್ಸಿಪಾಲರಲ್ಲ.

ಎರಡು ಗುಂಪಿನ ಪ್ರಯೋಗ

ಕಾಗದದ ಪ್ಲಾಸ್ಟರ್ ಬದಲು ಪಾರದರ್ಶಕ ಫಿಲ್ಮ್ ಡ್ರೆಸ್ಸಿಂಗ್ ಹಾಕಿದರೆ ಫ್ಲೆಬೈಟಿಸ್ ಇಳಿಯುತ್ತದೆಯೇ? 30%ನಿಂದ 15%ಗೆ ಇಳಿಯುತ್ತದೆ ಎಂದು ನಂಬಿದರೆ, 80% ಪವರ್‌ಗೆ (ಆ ಇಳಿಕೆ ನಿಜವಾಗಿದ್ದರೆ ಅಧ್ಯಯನ ಅದನ್ನು ಹಿಡಿಯುವ ಸಂಭವ) ಗುಂಪಿಗೆ 118 ಜನ. ಹತ್ತರಲ್ಲೊಬ್ಬರು ನಡುವೆ ಬಿಟ್ಟುಹೋಗುತ್ತಾರೆಂದು ಹಿಡಿದರೆ 132, ಒಟ್ಟು 264. 30%ನಿಂದ 20%ಗೆ ಮಾತ್ರ ಇಳಿಯುತ್ತದೆ ಎಂದರೆ ಗುಂಪಿಗೆ ಸುಮಾರು 290. ‘ಗುಂಪಿಗೆ 30’ ಎಂಬ ಬಳಕೆಯ ಲೆಕ್ಕ ಇಲ್ಲಿ ಎಲ್ಲೂ ಬರುವುದಿಲ್ಲ. ಅರ್ಹತೆ, ಒಪ್ಪಿಗೆ ಎಲ್ಲ ಕಳೆದು ಒಂದೇ ವಾರ್ಡಿನಲ್ಲಿ 264 ಸೇರಿಸಲು ಮೂರು ನಾಲ್ಕು ತಿಂಗಳು. ಎಂಎಸ್ಸಿಗೆ ಇದು ಹೊರೆ; ಪಿಎಚ್‌ಡಿಗೆ ಅಥವಾ ಅನುದಾನ ಇರುವ ಅಧ್ಯಾಪಕರಿಗೆ ಸರಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ವ್ಯಾಪ್ತಿಯ ಕಾಲೇಜುಗಳ ಅಧ್ಯಾಪಕರಿಗೆ ಸಂಶೋಧನಾ ಅನುದಾನ ಕೊಡುತ್ತದೆ. ಅರ್ಜಿ ಬರೆಯುವಾಗ ಡ್ರೆಸ್ಸಿಂಗಿನ ಖರ್ಚು ಹಾಕಲು ಮರೆಯಬೇಡಿ. ಅದನ್ನು ರೋಗಿಯ ಬಿಲ್ಲಿಗೆ ಸೇರಿಸಿದರೆ ಎಥಿಕ್ಸ್ ಕಮಿಟಿ ತಡೆಯುತ್ತದೆ.

ಯಾರಿಗೆ ಯಾವ ಗುಂಪು ಎಂಬುದನ್ನು ಸಮ–ಬೆಸ ಬೆಡ್ ನಂಬರಿನಿಂದ ತೀರ್ಮಾನಿಸಬೇಡಿ. ಮುಂದಿನವರು ಯಾವ ಗುಂಪಿಗೆ ಎಂದು ಮೊದಲೇ ಗೊತ್ತಾದರೆ ನಾಳ ಸಿಗದ ಅಜ್ಜಿಯನ್ನು ಯಾರಾದರೂ ಮೆಲ್ಲಗೆ ಪಕ್ಕದ ಗುಂಪಿಗೆ ದೂಡುತ್ತಾರೆ. ಕಂಪ್ಯೂಟರಿನಿಂದ 4 ಮತ್ತು 6 ಜನರ ಬ್ಲಾಕುಗಳಲ್ಲಿ ಪಟ್ಟಿ ತೆಗೆದು, ಬೆಳಕಿಗೆ ಹಿಡಿದರೂ ಒಳಗಿನದು ಕಾಣದ ಲಕೋಟೆಗಳಲ್ಲಿ ನಂಬರ್ ಹಾಕಿ ಮುಚ್ಚಿ. ಲಕೋಟೆ ಸಂಶೋಧಕರ ಬಳಿ ಇರಬಾರದು. ಡ್ರೆಸ್ಸಿಂಗ್ ತೆಗೆದು, ಅಂಟು ಒರೆಸಿದ ಮೇಲೆ ಬೇರೊಬ್ಬರು ಬಂದು ಸ್ಕೋರ್ ಹಾಕಲಿ.

‘ಒಂದು ಆಸ್ಪತ್ರೆ ಪ್ರಯೋಗಕ್ಕೆ, ಇನ್ನೊಂದು ಕಂಟ್ರೋಲ್‌ಗೆ’ ಎನ್ನುವ ಮಾದರಿ ನಮ್ಮಲ್ಲಿ ಬಹಳ. ತಲಾ 60 ರೋಗಿಗಳಿದ್ದರೂ ಅಲ್ಲಿ ಹೋಲಿಕೆ ಆಗುವುದು ಒಂದು ಆಸ್ಪತ್ರೆಗೆ ಒಂದು ಆಸ್ಪತ್ರೆ ಅಷ್ಟೇ. ವಾರ್ಡ್ ವಾರ್ಡುಗಳನ್ನೇ ಗುಂಪು ಮಾಡುವುದಾದರೆ, ವಾರ್ಡಿಗೆ 30 ರೋಗಿ, ಒಂದೇ ವಾರ್ಡಿನವರ ನಡುವಿನ ಸಾಮ್ಯ 0.05 ಎಂದು ಹಿಡಿದರೆ 118ನ್ನು 2.45ರಿಂದ (1 + 29 × 0.05) ಗುಣಿಸಬೇಕು: ಸುಮಾರು 290, ಅಂದರೆ ಒಂದೊಂದು ಕಡೆ ಹತ್ತು ವಾರ್ಡ್.

ಬಂದ ಫ್ಲೆಬೈಟಿಸ್‌ಗೆ ಮೆಗ್ನೀಸಿಯಂ ಸಲ್ಫೇಟ್–ಗ್ಲಿಸರಿನ್, ಲೋಳೆಸರ ಹಚ್ಚಿ ನೋಡುವ ಅಧ್ಯಯನಗಳೂ ಹೇರಳ. ಲೋಳೆಸರವನ್ನು ಹಾಸ್ಟೆಲ್ ಕುಂಡದಿಂದ ಕಿತ್ತು ತಂದರೆ ಇಂದಿನ ಎಲೆಗೂ ನಾಳಿನ ಎಲೆಗೂ ಹೋಲಿಕೆ ಇಲ್ಲ. ಒಂದೇ ಬ್ಯಾಚಿನ ಸಿದ್ಧ ಜೆಲ್ ಬಳಸಿ, ಇಲ್ಲವೇ ಬಿಡಿ. ಹೇಗೂ ಹಚ್ಚದಿದ್ದರೂ ಕ್ಯಾನುಲಾ ತೆಗೆದ ಮೇಲೆ ಊತ ತಾನಾಗಿ ಇಳಿಯುತ್ತಾ ಬರುತ್ತದೆ, ಕಂಟ್ರೋಲ್ ಇಲ್ಲದಿದ್ದರೆ ಕೀರ್ತಿ ಲೋಳೆಸರಕ್ಕೆ ಹೋಗುತ್ತದೆ.

ಸುಧಾರಣೆಯ ಯೋಜನೆ

ಕ್ವಾಲಿಟಿ ಇಂಪ್ರೂವ್‌ಮೆಂಟ್‌ನಲ್ಲಿ ಗುಂಪುಗಳಿಲ್ಲ, ಕಾಲವೇ ಹೋಲಿಕೆ. ವಾರಕ್ಕೊಂದು ಬಿಂದುವಿನಂತೆ 100 ಕ್ಯಾನುಲಾಕ್ಕೆ ಎಷ್ಟು ಫ್ಲೆಬೈಟಿಸ್ ಎಂದು ಗ್ರಾಫ್ ಎಳೆಯಿರಿ. ಬದಲಾವಣೆಗೆ ಮುಂಚೆ ಹತ್ತು ವಾರ, ನಂತರ ಹತ್ತು ವಾರ. ಹಳೆಯ ಮೀಡಿಯನ್ (ನಡುವಿನ ಬೆಲೆ) ಗೆರೆಯ ಕೆಳಗೆ ಸತತ ಆರು ಬಿಂದು ಬಿದ್ದರೆ ಏನೋ ನಿಜವಾಗಿ ಬದಲಾಗಿದೆ. ಮೊದಲ ತಿಂಗಳು ದರ ಏರಿದರೆ ಗಾಬರಿ ಬೇಡ. ಎಣಿಸಲು ಶುರುವಾದ ಮೇಲೆ ಮುಂಚೆ ಕಾಣದ್ದು ಕಂಡಿರುತ್ತದೆ. ಆಸ್ಪತ್ರೆಯ ಇನ್ಫೆಕ್ಷನ್ ಕಂಟ್ರೋಲ್ ನರ್ಸ್ ಇಲ್ಲದೆ ಇದಕ್ಕೆ ಕೈಹಾಕಬೇಡಿ: ಕಾಲೇಜಿನ ಅಧ್ಯಾಪಕರು ಮಧ್ಯಾಹ್ನ ಹೊರಟುಹೋಗುತ್ತಾರೆ, ಆ ನರ್ಸ್ ಅಲ್ಲೇ ಇರುತ್ತಾರೆ. ‘ಇದು ಸಂಶೋಧನೆಯಲ್ಲ, ಎಥಿಕ್ಸ್ ಬೇಡ’ ಎಂದು ಆರಂಭಿಸಿ ಕೊನೆಗೆ ಪ್ರಕಟಿಸಲು ಹೊರಡುವುದು ಇಲ್ಲಿನ ಬಲೆ. ಪ್ರಕಟಿಸುವ ಆಸೆಯಿದ್ದರೆ ಆರಂಭದಲ್ಲೇ ಕಮಿಟಿಗೆ ಬರೆಯಿರಿ.

ಮಾತು ಕೇಳುವ ಅಧ್ಯಯನ

ನಿಯಮ ಗೊತ್ತಿದ್ದೂ ಮೂರನೇ ದಿನವೇ ಯಾಕೆ ಕೀಳುತ್ತಾರೆ, ನೋವಾದರೂ ರೋಗಿ ಯಾಕೆ ಹೇಳುವುದಿಲ್ಲ? ಇದಕ್ಕೆ ಅಂಕಿ ಉತ್ತರಿಸದು. 12–15 ಸಂದರ್ಶನ ಸಾಕಾಗಬಹುದು, ಹೊಸ ಮಾತು ಬರುವುದು ನಿಂತಾಗ ನಿಲ್ಲಿಸಿ. ಒಂದು ಗಂಟೆಯ ಧ್ವನಿ ಬರಹಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಬೇಕು. ಕನ್ನಡದ ಮಾತನ್ನು ಕನ್ನಡದಲ್ಲೇ ಬರೆದು, ಕನ್ನಡದಲ್ಲೇ ಕೋಡ್ ಮಾಡಿ. ಲೇಖನಕ್ಕೆ ಬೇಕಾದ ನಾಲ್ಕು ಸಾಲು ಮಾತ್ರ ಇಂಗ್ಲಿಷ್‌ಗೆ ತನ್ನಿ. ಎಲ್ಲವನ್ನೂ ಮೊದಲೇ ಇಂಗ್ಲಿಷ್ ಮಾಡಿದರೆ ಉರಿ, ಸೆಳೆತ, ಜುಮ್ಮು, ಬಿಗಿತ ಎಲ್ಲವೂ ‘ಪೇನ್’ ಆಗಿಬಿಡುತ್ತವೆ. ವಾರ್ಡ್ ಸಿಸ್ಟರ್ ಎದುರಿಗೆ ಕೂತಿದ್ದರೆ ಯಾರೂ ಬಾಯಿ ಬಿಡುವುದಿಲ್ಲ, ಜಾಗ ಬೇರೆ ನೋಡಿ.

ಲ್ಯಾಬ್ ಜೊತೆ ಕೂಡಿ ಮಾಡುವುದು

ಜೀವವಿಜ್ಞಾನದ ಕಡೆಗೆ ನರ್ಸಿಂಗ್ ಅಧ್ಯಾಪಕರು ಕಾಲಿಡಲು ಇದೇ ಬಾಗಿಲು. ಕ್ಯಾನುಲಾಕ್ಕೆ ಔಷಧಿ ಕೊಡುವ, ತಿರುಗುಮುಚ್ಚಳವಿರುವ ಬಾಯಿಯ (ಹಬ್) ಸ್ವಾಬ್, ತೆಗೆದ ಕ್ಯಾನುಲಾದ ತುದಿಯ ಕಲ್ಚರ್, ಮೊಬೈಲ್ ಮತ್ತು ಸ್ಟೆತಸ್ಕೋಪಿನ ಮೇಲಿನ ಸೂಕ್ಷ್ಮಜೀವಿ ಇವೆಲ್ಲ ಮೈಕ್ರೋಬಯಾಲಜಿ ವಿಭಾಗ ಜೊತೆಗಿದ್ದರೆ ಆಗುವ ಕೆಲಸ. ಸ್ವಾಬನ್ನು ಸ್ಟೆರೈಲ್ ಸಲೈನ್‌ನಲ್ಲಿ ಒದ್ದೆ ಮಾಡಿ, ಅಳತೆಯ ಜಾಗದಲ್ಲಿ ತಿರುಗಿಸುತ್ತಾ ಒರೆಸಿ, ಎರಡು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ. ಬ್ಲಡ್ ಅಗಾರ್, ಮ್ಯಾಕಾಂಕಿ ಮೇಲೆ 37 ಡಿಗ್ರಿಯಲ್ಲಿ 24–48 ಗಂಟೆ. ಜಾಗದ ಅಳತೆ ಬರೆಯದಿದ್ದರೆ ‘ಬೆಳೆದಿದೆ, ಬೆಳೆದಿಲ್ಲ’ ಎಂಬುದಕ್ಕಿಂತ ಹೆಚ್ಚು ಹೇಳಲಾಗದು. ಸಂಜೆ ಐದಕ್ಕೆ ತೆಗೆದ ಸ್ಯಾಂಪಲ್ ಯಾರು ಇಸಿದುಕೊಳ್ಳುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ.

ನೈಟ್ ಡ್ಯೂಟಿಯ ಒತ್ತಡಕ್ಕೆ ಎಂಜಲಿನಲ್ಲಿರುವ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಅಳೆಯುವ ಆಸೆ ಹಲವರಿಗಿದೆ. ಲೆಕ್ಕ ಹೀಗೆ: ಅದನ್ನು ಅಳೆಯುವ ಎಲಿಸಾ ಎಂಬ ಲ್ಯಾಬ್ ಪರೀಕ್ಷೆಯ ಪ್ಲೇಟಿನಲ್ಲಿ 96 ಗುಳಿ. ಎಂಟು ಸ್ಟ್ಯಾಂಡರ್ಡ್ ಎರಡೆರಡು ಸಲ 16, ಎರಡು ಕಂಟ್ರೋಲ್ ಎರಡೆರಡು ಸಲ 4. ಉಳಿದ 76 ಗುಳಿಯಲ್ಲಿ ಪ್ರತಿ ಸ್ಯಾಂಪಲ್ ಎರಡು ಸಲ ಹಾಕಿದರೆ 38 ಸ್ಯಾಂಪಲ್. 30 ಜನರ ಎರಡು ಹೊತ್ತಿನ ಸ್ಯಾಂಪಲ್ 60. ಒಂದು ಕಿಟ್ ಸಾಲದು, ಎರಡು ಬೇಕು, ಅದೂ ಒಂದೇ ಲಾಟ್ ನಂಬರಿನವು. ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಕಾರ್ಟಿಸೋಲ್ ತಾನಾಗಿಯೇ ಏರುತ್ತದೆ. ಗಡಿಯಾರದ ಎಂಟು ಗಂಟೆ ನೋಡಿ ಎಲ್ಲರಿಂದ ತೆಗೆದರೆ, ಆಗಷ್ಟೇ ಎದ್ದವರೂ ರಾತ್ರಿಯಿಡೀ ಎದ್ದಿದ್ದವರೂ ಒಂದೇ ಪಟ್ಟಿಗೆ ಬೀಳುತ್ತಾರೆ. ಊಟ, ಟೀ ಆಗಿ ಅರ್ಧ ಗಂಟೆಯಾದರೂ ಕಳೆದಿರಬೇಕು, ಒಸಡಿನಲ್ಲಿ ರಕ್ತ ಬರುವವರ ಸ್ಯಾಂಪಲ್ ಬೇಡ. ಮೈನಸ್ 20ರಲ್ಲಿ ಇಟ್ಟ ಫ್ರೀಜರಿಗೆ ಯುಪಿಎಸ್ ಇದೆಯೇ ಎಂದು ನೋಡಿ; ಒಂದು ರಾತ್ರಿ ಕರೆಂಟ್ ಹೋಗಿ ಬಂದು ಕರಗಿ ಹೆಪ್ಪುಗಟ್ಟಿದರೆ ಆರು ತಿಂಗಳ ಶ್ರಮ ಸಂದೇಹಕ್ಕೆ ಬೀಳುತ್ತದೆ. ಮತ್ತೆ, ಮೈಕ್ರೋಬಯಾಲಜಿಯವರನ್ನಾಗಲಿ ಬಯೋಕೆಮಿಸ್ಟ್ರಿಯವರನ್ನಾಗಲಿ ಕೊನೆಗೆ ‘ಸ್ವಲ್ಪ ಟೆಸ್ಟ್ ಮಾಡಿಕೊಡಿ’ ಎಂದು ಕರೆಯದೆ, ಸಿನಾಪ್ಸಿಸ್ (ಅಧ್ಯಯನದ ಮೊದಲ ಯೋಜನೆ ಬರೆಯುವ) ಹಂತದಲ್ಲೇ ಲೇಖಕರಾಗಿ ಸೇರಿಸಿಕೊಳ್ಳಿ.

ಅನುಮತಿಯ ಕಾಗದಗಳು

ಯಾವ ದಾರಿಯಾದರೂ ಅಳತೆಗೋಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೀತಿ ಮಾರ್ಗಸೂಚಿ. ಎಥಿಕ್ಸ್ ಕಮಿಟಿಯಲ್ಲಿ 7ರಿಂದ 15 ಸದಸ್ಯರು, ಕೋರಂಗೆ ಕನಿಷ್ಠ ಐವರು, ಅಧ್ಯಕ್ಷರು ಸಂಸ್ಥೆಯ ಹೊರಗಿನವರು. ನಿಮ್ಮ ಕಾಲೇಜಿನ ಕಮಿಟಿ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿಯಾಗಿದೆಯೇ, ಅವಧಿ ಮುಗಿದಿಲ್ಲವೇ ಎಂದು ಪತ್ರ ನೋಡಿ ಖಚಿತಪಡಿಸಿಕೊಳ್ಳಿ. ಓದು ಬಾರದವರ ಹೆಬ್ಬೆಟ್ಟಿನ ಜೊತೆ ತಂಡಕ್ಕೆ ಸೇರದ ಒಬ್ಬರ ಸಾಕ್ಷಿ ಸಹಿ ಬೇಕು. ಕರಾವಳಿಯಲ್ಲಿ ಕಾಗದ ಕನ್ನಡದಲ್ಲಿದ್ದರೂ ವಿವರಣೆ ತುಳುವಿನಲ್ಲೇ ನಡೆಯುತ್ತದೆ, ಬಳ್ಳಾರಿಯಲ್ಲಿ ತೆಲುಗು, ಬೀದರ್–ಕಲಬುರಗಿಯಲ್ಲಿ ಉರ್ದು ಬೇಕಾಗುತ್ತದೆ. ಯಾವ ಭಾಷೆಯಲ್ಲಿ ವಿವರಿಸಿದಿರಿ ಎಂದು ಕನ್ಸೆಂಟ್ ಹಾಳೆಯಲ್ಲೇ ಒಂದು ಸಾಲು ಬರೆಯಿರಿ.

ಎರಡು ಗುಂಪಿನ ಪ್ರಯೋಗಕ್ಕೆ ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ತಾಣವಾದ ಸಿಟಿಆರ್‌ಐನಲ್ಲಿ ನೋಂದಣಿ ಬೇಕೇ ಬೇಕು, ಶುಲ್ಕವಿಲ್ಲ. 2018ರ ಏಪ್ರಿಲ್ 1ರಿಂದ ಅಲ್ಲಿ ಆಗಲೇ ಶುರುವಾದ ಪ್ರಯೋಗಗಳನ್ನು ತೆಗೆದುಕೊಳ್ಳುವುದಿಲ್ಲ. ಎಥಿಕ್ಸ್ ಪತ್ರ ಕೈಗೆ ಬಂದ ದಿನವೇ ಅರ್ಜಿ ಹಾಕಿ. ಸಿಟಿಆರ್‌ಐನವರು ಪ್ರಶ್ನೆ ಕಳಿಸುತ್ತಾರೆ, ನೀವು ಉತ್ತರಿಸಬೇಕು, ಮತ್ತೆ ಪ್ರಶ್ನೆ ಬರಬಹುದು. ಇದಕ್ಕೆಂದೇ ಕೆಲವು ವಾರ ಎತ್ತಿಡಿ. ನಂಬರ್ ಬರುವವರೆಗೆ ಪೈಲಟ್ ಎಂಬ ಹೆಸರಿನಲ್ಲೂ ರೋಗಿಗಳನ್ನು ಸೇರಿಸಬೇಡಿ. ಮೊದಲ ಕನ್ಸೆಂಟ್‌ನ ದಿನಾಂಕವನ್ನೂ ನೋಂದಣಿಯ ದಿನಾಂಕವನ್ನೂ ಜರ್ನಲ್‌ನ ಸಂಪಾದಕರು ಪಕ್ಕಪಕ್ಕ ಇಟ್ಟು ನೋಡುತ್ತಾರೆ.